ನೋವಿಲ್ಲದ ಗಂಟು, ಹತ್ತು ದಿನದ ಗುಳಿಗಿ

ಪ್ರಶ್ನೆ (ಹೆಸರು ಬೇಡ ಅಂದಿದ್ದಕ್ಕೆ ಅಡ್ಮಿನ್ ಹಾಕಿದ್ದು):

ನಮಸ್ಕಾರ್ರೀ ಡಾಕ್ಟ್ರ. ನಂಗ 26 ವಯಸ್ಸು, ಗದಗ ಕಡೆಯಂವ. ಎರಡ ತಿಂಗಳ ಹಿಂದ ಜಳಕ ಮಾಡೂಮುಂದ ಬಲಗಡೆ ಬೀಜದ ಮ್ಯಾಲೆ ಕಡ್ಲಿಕಾಳಿನಷ್ಟು ಗಂಟು ಕೈಗೆ ಹತ್ತಿತು. ಒತ್ತಿದ್ರೂ ನೋಯಂಗಿಲ್ಲ. ಇಲ್ಲೇ ಒಬ್ಬ ಡಾಕ್ಟರ ಹತ್ರ ಹೋದೆ. ಅವರು ಮುಟ್ಟಿ ನೋಡ್ಲೇ ಇಲ್ಲ, ಇನ್ಫೆಕ್ಷನ್ ಇರಬೇಕು ಅಂತ 10 ದಿನದ ಗುಳಿಗಿ ಬರದು ಕೊಟ್ರು. ಗುಳಿಗಿ ಮುಗದ್ವು, ಗಂಟ ಹಂಗ ಐತಿ. ಈಗ ಆ ಕಡೆ ಸ್ವಲ್ಪ ಭಾರ ಅನಸ್ತೈತಿ. ಯುಗಾದಿ ಆದಮ್ಯಾಲೆ ಮದುವಿ ಐತ್ರಿ, ಮನ್ಯಾಗ ಯಾರಿಗೂ ಹೇಳಿಲ್ಲ. ಗೆಳೆಯ ಒಬ್ಬ "ಅಂಡವಾಯು ಇರಬೇಕಲೇ, ನೋವಿಲ್ಲಂದ್ರ ಚಿಂತಿ ಯಾಕ" ಅಂದ. ಚಿಂತಿ ಮಾಡ್ಲೋ ಬಿಡ್ಲೋ?

ಉತ್ತರ (ಹುಬ್ಬಳ್ಳಿಯ ಮೂತ್ರರೋಗ ಸರ್ಜನ್):

ತಮ್ಮಾ, ನಿನ್ನ ಗೆಳೆಯ ಹೇಳಿದ್ದು ತಲೆಕೆಳಗಾಗಿದೆ. ಬೀಜ ಏಕಾಏಕಿ ಬಾತು, ಜೀವ ಹೋಗುವಷ್ಟು ನೋವಾದರೆ ಅದು ತಿರುಚಿಕೊಂಡಿರಬಹುದು. ಆಗ ರಾತ್ರೋರಾತ್ರಿ ಆಸ್ಪತ್ರೆಗೆ ಓಡಬೇಕು. ಜ್ವರ, ಉರಿಮೂತ್ರ, ನೋವು ಮೂರೂ ಇದ್ದರೆ ಸಾಮಾನ್ಯವಾಗಿ ಸೋಂಕು. ಬೀಜಕ್ಕೇ ಅಂಟಿಕೊಂಡ, ಗಟ್ಟಿ, ನೋವಿಲ್ಲದ ಗಂಟು ಇದ್ದರೆ ಮಾತ್ರ ನಮಗೆ ಮೊದಲು ನೆನಪಾಗುವುದು ವೃಷಣದ ಕ್ಯಾನ್ಸರ್. ನಿನಗೆ ಅದೇ ಆಗಿದೆ ಅಂತ ನಾನು ಹೇಳುತ್ತಿಲ್ಲ, ಮೊಬೈಲಿನಲ್ಲಿ ಕೂತು ಹೇಳಲೂ ಬಾರದು. ಆದರೆ ಇದು ಮುದುಕರ ರೋಗವಲ್ಲ, ಹೆಚ್ಚಾಗಿ ಹಿಡಿಯುವುದು 15ರಿಂದ 40ರ ಒಳಗಿನವರನ್ನೇ. ಮದುವೆಯ ತನಕ ಕಾಯಬೇಡ, ಈ ವಾರವೇ ಸ್ಕ್ಯಾನ್ ಮಾಡಿಸು.

ಅಂಡವಾಯು ಅಂದರೆ ನಮ್ಮ ಕಡೆ ಹರ್ನಿಯಾಕ್ಕೂ ಅದೇ ಹೆಸರು, ನೀರು ತುಂಬಿದ್ದಕ್ಕೂ ಅದೇ. ನೀರಾಗಿದ್ದರೆ ಕತ್ತಲೆ ಕೋಣೆಯಲ್ಲಿ ಹಿಂದಿನಿಂದ ಟಾರ್ಚ್ ಹಿಡಿದಾಗ ಚೀಲ ಕಂದೀಲಿನ ಹಾಗೆ ಕೆಂಪಗೆ ಹೊಳೆಯುತ್ತದೆ. ಗಟ್ಟಿ ಗಡ್ಡೆ ಹೊಳೆಯುವುದಿಲ್ಲ. ಹೊಳೆಯಿತು ಅಂತ ಮನೆಯಲ್ಲಿ ಕೂರುವ ಹಾಗೂ ಇಲ್ಲ, ನೀರಿನ ಹಿಂದೆ ಗಡ್ಡೆ ಅಡಗಿರುವುದುಂಟು. ಸುಮ್ಮನೆ ಸ್ಕ್ರೋಟಮ್ (ಬೀಜದ ಚೀಲ) ಅಲ್ಟ್ರಾಸೌಂಡ್ ಮಾಡಿಸು. ಸೂಜಿ ಇಲ್ಲ, ನೋವಿಲ್ಲ, ಕಾಲು ಗಂಟೆಯ ಕೆಲಸ.

ಗದಗ, ರಾಣೆಬೆನ್ನೂರ ಕಡೆಯ ಸಣ್ಣ ದವಾಖಾನೆಗಳಲ್ಲಿ ಯಾರಾದರೂ "ಸೂಜಿ ಹಾಕಿ ತುಣುಕು ತೆಗೆಯೋಣ" ಅಂದರೆ ಒಪ್ಪಬೇಡ. ಚೀಲದ ಮೇಲೆ ಕೊಯ್ಯುವುದಕ್ಕೂ ಒಪ್ಪಬೇಡ. ಯಾಕೆಂದರೆ, ತಾಯಿಯ ಹೊಟ್ಟೆಯಲ್ಲಿದ್ದಾಗ ಬೀಜ ಹುಟ್ಟುವುದು ಕಿಡ್ನಿಯ ಹತ್ತಿರ. ಆಮೇಲೆ ಕೆಳಗೆ ಇಳಿಯುತ್ತದೆ, ಇಳಿಯುವಾಗ ತನ್ನ ರಕ್ತನಾಳ, ದುಗ್ಧನಾಳಗಳನ್ನು (ಲಿಂಫ್ ಎಂಬ ತಿಳಿದ್ರವ ಹರಿಯುವ ಸಣ್ಣ ನಾಳಗಳು) ಬಾವಿಗೆ ಇಳಿದ ಕೊಡದ ಹಗ್ಗದಂತೆ ಎಳೆದುಕೊಂಡೇ ಬರುತ್ತದೆ. ಹಾಗಾಗಿ ಈ ಕ್ಯಾನ್ಸರ್ ಹರಡಿದರೆ ಮೊದಲು ಹೋಗುವುದು ಆ ಹಗ್ಗ ಹಿಡಿದು ಹೊಟ್ಟೆಯ ಹಿಂಬದಿಯ, ಕಿಡ್ನಿ ಪಕ್ಕದ ದುಗ್ಧಗ್ರಂಥಿಗಳಿಗೆ. (ಬೆನ್ನು ನೋವು ಅಂತ ಎಲುಬಿನ ಡಾಕ್ಟರರ ಹತ್ತಿರ ತಿಂಗಳುಗಟ್ಟಲೆ ತಿರುಗಿ, ಕೊನೆಗೆ ನನ್ನ ಟೇಬಲ್ಲಿಗೆ ಬಂದ ಹುಡುಗರನ್ನು ನೋಡಿದ್ದೇನೆ.) ಚೀಲದ ಚರ್ಮದ ದುಗ್ಧನಾಳ ಹೋಗುವ ದಾರಿಯೇ ಬೇರೆ, ಅದು ತೊಡೆಸಂದಿಗೆ. ಚೀಲ ಚುಚ್ಚಿದರೆ ರೋಗಕ್ಕೆ ಇಲ್ಲದ ದಾರಿ ನಾವೇ ತೋರಿಸಿದ ಹಾಗೆ. ಅದಕ್ಕೇ ಆಪರೇಷನ್ನಿನಲ್ಲಿ ತೊಡೆಸಂದಿಯ ಮೇಲೆ ಕೊಯ್ದು, ಬೀಜವನ್ನು ಅದರ ಹಗ್ಗದ ಸಮೇತ ಮೇಲಿನಿಂದ ತೆಗೆಯುತ್ತೇವೆ. ಅದೇ ಚಿಕಿತ್ಸೆಯ ಮೊದಲ ಹೆಜ್ಜೆ, ಅದೇ ಬಯಾಪ್ಸಿ (ಲ್ಯಾಬಿನಲ್ಲಿ ಗಡ್ಡೆಯ ಪರೀಕ್ಷೆ).

ಆಪರೇಷನ್ನಿಗೆ ಮೊದಲೇ ಗಡ್ಡೆಯ ಸುಳಿವು ಕೊಡುವ ಮೂರು ರಕ್ತಪರೀಕ್ಷೆ, ಎಎಫ್‌ಪಿ, ಬೀಟಾ ಎಚ್‌ಸಿಜಿ, ಎಲ್‌ಡಿಎಚ್ ಕೊಡಬೇಕು. ಎಚ್‌ಸಿಜಿ ಅಂದರೆ ಬಸುರಿಯರ ಪರೀಕ್ಷೆಯಲ್ಲಿ ನೋಡುವ ಅದೇ ಹಾರ್ಮೋನು. ಗಂಡಸಿನ ರಕ್ತದಲ್ಲಿ ಅದು ಏರಿದರೆ ಗಡ್ಡೆ ಮಾತಾಡುತ್ತಿದೆ ಅಂತ. ಇದನ್ನು ಓದಿ ಮೆಡಿಕಲ್ ಶಾಪಿನಿಂದ ಪ್ರೆಗ್ನೆನ್ಸಿ ಕಿಟ್ ತರಬೇಡಿ! ಎಲ್ಲ ಗಡ್ಡೆಗಳೂ ಅದನ್ನು ಸುರಿಸುವುದಿಲ್ಲ, ಕಿಟ್ಟಿನಲ್ಲಿ ಒಂದೇ ಗೆರೆ ಬಂತೆಂದು ನೆಮ್ಮದಿಯಿಂದ ಮಲಗಿದರೆ ಕಷ್ಟ.

ಕಾಮೆಂಟ್: ಡಾಕ್ಟ್ರ, ಒಂದ ತಗದ್ರ ಗಂಡಸ್ತನ ಉಳಿತೈತೇನ್ರಿ? ಮದುವಿ ಅಂತಾನ ಪಾಪ.

ಉತ್ತರ: ಉಳಿಯುತ್ತದೆ. ಇನ್ನೊಂದು ಆರೋಗ್ಯವಾಗಿದ್ದರೆ ಗಡ್ಡ, ದನಿ, ಸಂಸಾರ, ಮಕ್ಕಳು ಎಲ್ಲಕ್ಕೂ ಒಂದೇ ಸಾಕು. ಚೀಲ ಖಾಲಿ ಕಾಣುತ್ತದೆ ಅನ್ನಿಸಿದರೆ ಸಿಲಿಕೋನಿನದು ಇಡಬಹುದು. ಮಕ್ಕಳ ವಿಷಯದಲ್ಲಿ ಒಂದು ಎಚ್ಚರ: ಮುಂದೆ ಕೀಮೋ ಬೇಕಾದರೆ ಅದು ವೀರ್ಯಾಣುಗಳನ್ನು ಕುಗ್ಗಿಸುತ್ತದೆ, ಕೆಲವರಲ್ಲಿ ಮತ್ತೆ ಏಳುವುದೇ ಇಲ್ಲ. ಆದ್ದರಿಂದ ಮೊದಲೇ ವೀರ್ಯ ಫ್ರೀಜ್ ಮಾಡಿಸಿ ಇಡಬೇಕು. ಐವಿಎಫ್ ಕೇಂದ್ರದಲ್ಲಿ ಕೇಳಿದರೆ ಹೇಳುತ್ತಾರೆ. ಡಾಕ್ಟರರು ಗಡಿಬಿಡಿಯಲ್ಲಿ ಮರೆತರೆ ನೀನೇ ನೆನಪು ಮಾಡು, ನಾಚಬೇಡ. ಆ ಹುಡುಗಿಗೂ ಹೇಳು. ಮದುವೆಯ ನಂತರ ಫೈಲು ನೋಡಿ ಅವಳಿಗೆ ಗೊತ್ತಾಗುವುದಕ್ಕಿಂತ ನಿನ್ನ ಬಾಯಿಂದ ಕೇಳುವುದು ಚಲೋ.

ಕಾಮೆಂಟ್: ನಮ್ಮ ಊರಾಗ ಒಬ್ರು ಲೇಪ ಹಚ್ತಾರ, ಗಂಟು ಕರಗತೈತಿ. ಸುಮ್ನ ಕೊಯ್ಸೂದ ಯಾಕ?

ಉತ್ತರ: ಅಣ್ಣಾ, ಈ ಗಡ್ಡೆಗಳಲ್ಲಿ ಕೆಲವು ವಾರಗಳಲ್ಲೇ ಬೆಳೆಯುತ್ತವೆ. ಲೇಪ ಹಚ್ಚುತ್ತಾ ಕೂತ ಒಂದೂವರೆ ತಿಂಗಳಲ್ಲಿ ಹೊಟ್ಟೆಗೆ ಹೋಗಿದ್ದು ಶ್ವಾಸಕೋಶ ಮುಟ್ಟಬಹುದು. ಇದನ್ನು ಇಲ್ಲಿ ಚರ್ಚೆಗೆ ಬಿಡುವುದಿಲ್ಲ.

ಕಾಮೆಂಟ್: ದಿನಾ ಧಾರವಾಡ–ಹುಬ್ಬಳ್ಳಿ ಬೈಕ್ ಹೊಡೀತೀನಿ. ಕ್ರಿಕೆಟ್ ಬಾಲೂ ಒಮ್ಮೆ ಬಡದಿತ್ತು. ಅದರಿಂದ ಬರತೈತೇನು?

ಉತ್ತರ: ಇಲ್ಲ. ಪೆಟ್ಟು ಬಿದ್ದಾಗ ಕೈ ಅಲ್ಲಿ ಹೋಗುತ್ತದೆ, ಮೊದಲೇ ಇದ್ದ ಗಂಟು ಸಿಗುತ್ತದೆ, ಪೆಟ್ಟಿನ ಮೇಲೆ ಗೂಬೆ ಕೂರುತ್ತದೆ. ನಿಜವಾದ ಅಪಾಯ ಹೆಚ್ಚು ಇರುವುದು ಚಿಕ್ಕಂದಿನಲ್ಲಿ ಬೀಜ ಕೆಳಗೆ ಇಳಿಯದವರಿಗೆ, ಅಪ್ಪನಿಗೋ ಅಣ್ಣತಮ್ಮಂದಿರಿಗೋ ಬಂದಿದ್ದವರಿಗೆ, ಒಂದು ಕಡೆ ಒಮ್ಮೆ ಬಂದುಹೋದವರಿಗೆ. ತಿಂಗಳಿಗೊಮ್ಮೆ ಬಿಸಿನೀರಿನ ಜಳಕದ ನಂತರ, ಚೀಲ ಸಡಿಲಾದಾಗ, ಹೆಬ್ಬೆರಳು ಮತ್ತು ಎರಡು ಬೆರಳ ನಡುವೆ ಒಂದೊಂದನ್ನೇ ಮೆಲ್ಲಗೆ ಹೊರಳಿಸಿ ನೋಡಿಕೊಳ್ಳಿ. ಸಿಪ್ಪೆ ಸುಲಿದ ಬೆಂದ ಮೊಟ್ಟೆಯಂತೆ ನುಣುಪಾಗಿರಬೇಕು. ಹಿಂದುಗಡೆ ಮೆತ್ತಗೆ ನುಲಿದ ದಾರದಂತೆ ಸಿಗುವುದು ಸಹಜ, ಅದಕ್ಕೆ ಹೆದರಿ ಬರುವವರೇ ಹೆಚ್ಚು. ಹುಣಸೆಬೀಜ ಅಂಟಿಸಿದ ಹಾಗೆ ಗಟ್ಟಿ ಸಿಕ್ಕರೆ ತೋರಿಸಿ.

ಕಾಮೆಂಟ್ (ಹಾವೇರಿಯ ಒಬ್ಬ ತಾಯಿ): ಸರ್, ನನ್ನ ಮಗಂಗ 14 ತಿಂಗಳು. ಒಂದ ಕಡೆ ಚೀಲ ಖಾಲಿ ಐತ್ರಿ. ನಮ್ಮ ಅತ್ತಿ "ದೊಡ್ಡಂವ ಆದಂಗ ತಾನ ಇಳಿತೈತಿ" ಅಂತಾರ.

ಉತ್ತರ: ತಂಗೀ, ಆರು ತಿಂಗಳ ತನಕ ತಾನೇ ಇಳಿಯಬಹುದು, ಆಮೇಲೆ ಸಾಮಾನ್ಯವಾಗಿ ಇಳಿಯುವುದಿಲ್ಲ. ಒಂದೂವರೆ ವರ್ಷದೊಳಗೆ ಸಣ್ಣ ಆಪರೇಷನ್ ಮಾಡಿ ಕೆಳಗೆ ತಂದು ಕೂರಿಸಬೇಕು. ಈಗಲೇ ಮಕ್ಕಳ ಸರ್ಜನ್‌ಗೆ ತೋರಿಸಿ. ಕ್ಯಾನ್ಸರಿನ ಅಪಾಯ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ, ಆದರೆ ಮುಂದೆ ಅವನೇ ಮುಟ್ಟಿ ನೋಡಿಕೊಳ್ಳುವ ಜಾಗಕ್ಕೆ ಬಂದಿರುತ್ತದೆ. ಅತ್ತೆಯವರಿಗೆ ಬೇಕಾದರೆ ನಾನೇ ಹೇಳುತ್ತೇನೆ.

ಕಾಮೆಂಟ್: ಕ್ಯಾನ್ಸರ್ ಅಂತನ ಬಂದ್ರ ಮುಂದೇನ್ರಿ? ಬದುಕ್ತಾರೇನು? ರೊಕ್ಕ ಎಷ್ಟ?

ಉತ್ತರ: ಬದುಕುತ್ತಾರೆ, ಅದೂ ಹೆಚ್ಚಿನವರು. ಬೀಜದೊಳಗೇ ಇದ್ದಾಗ ಹಿಡಿದರೆ 100ರಲ್ಲಿ 99ರಷ್ಟು ಜನ 5 ವರ್ಷ ದಾಟುತ್ತಾರೆ ಅನ್ನುತ್ತದೆ ಅಮೆರಿಕದ ಲೆಕ್ಕ. ದೂರ ಹರಡಿದ್ದರೂ 70ಕ್ಕಿಂತ ಹೆಚ್ಚು. ಇದರಲ್ಲಿ ಸೆಮಿನೋಮಾ, ಸೆಮಿನೋಮಾ ಅಲ್ಲದ್ದು ಅಂತ ಎರಡು ಬಗೆ. ಮೊದಲ ಹಂತದಲ್ಲಿ ಸಿಕ್ಕ ಎಷ್ಟೋ ಜನರಿಗೆ ಆಪರೇಷನ್ ಆದಮೇಲೆ ಔಷಧವೇ ಬೇಡ, ಬರೀ ಕಾವಲು: ರಕ್ತ, ಸಿಟಿ ಸ್ಕ್ಯಾನು, ತಪ್ಪದೆ ವರ್ಷಗಟ್ಟಲೆ. "ಆರಾಮ ಅದೀನಿ" ಅಂತ ತಪ್ಪಿಸುವವರಿಂದಲೇ ನಮಗೆ ತಲೆನೋವು. ಹರಡಿದ್ದರೆ ಬ್ಲಿಯೋಮೈಸಿನ್, ಎಟೊಪೊಸೈಡ್, ಸಿಸ್‌ಪ್ಲಾಟಿನ್ ಕೂಡಿದ ಕೀಮೋ, 21 ದಿನಕ್ಕೊಂದು ಸುತ್ತು, ಸಾಮಾನ್ಯವಾಗಿ ಮೂರು ಅಥವಾ ನಾಲ್ಕು. ಕೂದಲು ಹೋಗುತ್ತದೆ, ಬರುತ್ತದೆ. ಕಿವಿಯಲ್ಲಿ ಗುಂಯ್‌ಗುಡುವುದು, ಬೆರಳ ತುದಿ ಜುಮ್ಮೆನ್ನುವುದು ಕೆಲವರಿಗೆ ಉಳಿಯಬಹುದು. ಬ್ಲಿಯೋಮೈಸಿನ್ ಶ್ವಾಸಕೋಶಕ್ಕೆ ಒರಟು, ಬೀಡಿ–ಸಿಗರೇಟು ಅವತ್ತೇ ಬಿಡಬೇಕು. ಮುಂದೆ ಯಾವತ್ತು ಯಾವ ಆಪರೇಷನ್ ಆದರೂ ಅರಿವಳಿಕೆ ಡಾಕ್ಟರರಿಗೆ ಈ ಹೆಸರು ಹೇಳಲೇಬೇಕು.

ಯುವರಾಜ್ ಸಿಂಗ್ ಅವರಿಗೆ ಬಂದದ್ದೂ ಇದೇ ಕುಲದ ಗಡ್ಡೆ, ಸೆಮಿನೋಮಾ. ಬೀಜದಲ್ಲಲ್ಲ, ಎದೆಯೊಳಗೆ, ಎರಡು ಶ್ವಾಸಕೋಶಗಳ ನಡುವೆ. 2012ರಲ್ಲಿ ಅಮೆರಿಕದಲ್ಲಿ ಕೀಮೋ ತೆಗೆದುಕೊಂಡು ಅದೇ ವರ್ಷ ಮತ್ತೆ ಭಾರತಕ್ಕೆ ಆಡಿದರು.

ರೊಕ್ಕದ ಮಾತು: ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಗದಗಿನವರು ಮೊದಲು ಅಲ್ಲಿನ ಸರ್ಕಾರಿ ಆಸ್ಪತ್ರೆ ಜಿಮ್ಸ್‌ಗೆ, ಇಲ್ಲವೇ ನೇರ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ ಕೆಎಂಸಿಆರ್‌ಐಗೆ, ಅಂದರೆ ಹಳೆಯ ಕಿಮ್ಸ್‌ಗೆ ಬನ್ನಿ. ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯೂ ಇದೆ. ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ.

ಪ್ರಶ್ನೆ ಕೇಳಿದವರು (ನಾಲ್ಕು ದಿನದ ಮೇಲೆ): ಡಾಕ್ಟ್ರ, ಸ್ಕ್ಯಾನ್ ಆತ್ರಿ. ಬೀಜದೊಳಗ 18 ಮಿಲಿಮೀಟರ್ ಗಡ್ಡಿ ಐತಿ ಅಂತ ಬರದಾರ. ಅವ್ವಗ ಹೇಳೀನಿ. ಅತ್ಲು, ಆಮ್ಯಾಲೆ ತಾನ ರೇಷನ್ ಕಾರ್ಡ್ ಹುಡಿಕಿ ಕೊಟ್ಲು. ಆಕಿಗೂ ಫೋನ್ ಮಾಡಿ ಹೇಳಿದೆ. "ಮದುವಿ ಮುಂದ ಹಾಕಿದ್ರಾತು" ಅಂದ್ಲು. ನಾಳೆ ಮುಂಜಾನೆ ಹುಬ್ಬಳ್ಳಿಗೆ ಬರಾಕತ್ತೀನಿ.

ಉತ್ತರ: ಬಾ. ಸ್ಕ್ಯಾನಿನ ಫಿಲ್ಮೂ ತಾ, ಬರೀ ವರದಿ ಸಾಲದು. ರಕ್ತ ಕೊಟ್ಟಿದ್ದೀಯಾ?

ಪ್ರಶ್ನೆ ಕೇಳಿದವರು: ಮೂರೂ ಕೊಟ್ಟೀನ್ರಿ. ಫ್ರೀಜ್ ಮಾಡ್ಸೂದನ್ನ ನಾನ ಕೇಳಿದೆ, ಅವರೇನ್ ನಗಲಿಲ್ರಿ.