ಕಾರ್ಟೂನ್ ರಾಜಕುಮಾರಿ ನೋಡಿ ಮಗಳು ಬಿಸಿಲಿಗೇ ಹೋಗಲ್ಲ ಅಂತಾಳೆ, ಏನು ಮಾಡಲಿ?

ಕಲಬುರಗಿ_ಅಮ್ಮ
ಮಗಳು ಒಂದನೇ ಕ್ಲಾಸು. ನಮ್ಮೂರಿನ ಮೇ ತಿಂಗಳ ಬಿಸಿಲು ಗೊತ್ತಲ್ವಾ, ಮಧ್ಯಾಹ್ನ ಮಕ್ಕಳನ್ನು ಹೊರಗೆ ಬಿಡೋ ಹಾಗಿಲ್ಲ, ಹಾಗಾಗಿ ರಜೆಯಲ್ಲಿ ರಾಜಕುಮಾರಿಯರ ಕಾರ್ಟೂನ್ ಸಿನಿಮಾ ಜಾಸ್ತಿ ನೋಡುತ್ತಾಳೆ. ಈಗ ಸಂಜೆಯೂ ಆಡೋಕೆ ಹೋಗಲ್ಲ. ಯಾಕವ್ವಾ ಅಂದರೆ, "ಕಪ್ಪಾಗ್ತೀನಿ, ಕಪ್ಪಗಿದ್ದವರು ರಾಜಕುಮಾರಿ ಆಗಲ್ಲ" ಅಂತಾಳೆ. ಹೊಟ್ಟೆ ಒಳಗೆ ಎಳೆದುಕೊಂಡು ಕನ್ನಡಿ ಮುಂದೆ ನಿಲ್ಲುತ್ತಾಳೆ. ನೋಡಿ ಕರುಳು ಚುರ್ ಅಂತು. ಈ ಸಿನಿಮಾಗಳನ್ನು ಪೂರ್ತಿ ನಿಲ್ಲಿಸಿಬಿಡಲಾ?

ಬೀದರ್_ಟೀಚರ್
ನಿಲ್ಲಿಸಬೇಡಿ ಅಕ್ಕಾ, ಜೊತೆಗೆ ಕೂತು ನೋಡಿ. ನಾಯಕಿಗಿಂತ ಕೆಟ್ಟವರನ್ನು ಹೇಗೆ ಬಿಡಿಸಿದ್ದಾರೆ ಅಂತ ಗಮನಿಸಿ. 1937ರ ಸ್ನೋ ವೈಟ್‌ನಲ್ಲಿ ಜಗಳವೇ ಎಲ್ಲರಿಗಿಂತ ಚೆಲುವೆ ಯಾರು ಅನ್ನೋದು, ರಾಣಿ ವಿಷದ ಹಣ್ಣು ಕೊಡಲು ಹೊರಟಾಗ ಅವಳಿಗೆ ಮುದುಕಿಯ ವೇಷ, ಉದ್ದ ಮೂಗು, ಮೂಗಿನ ಮೇಲೊಂದು ನರುಲಿ. 1989ರ ಲಿಟಲ್ ಮರ್ಮೇಡ್‌ನಲ್ಲಿ ನಾಯಕಿಯ ಸೊಂಟ ಹಿಡಿಯಷ್ಟು, ಮಾಟಗಾತಿ ಮಾತ್ರ ದಪ್ಪ. ಮುದಿತನ, ದಪ್ಪ ಮೈ, ದೊಡ್ಡ ಮೂಗು ಅಂದ್ರೆ ಕೆಟ್ಟತನ ಅಂತ ಮಗುವಿಗೆ ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ. ನಮ್ಮ ಕ್ಲಾಸಿನಲ್ಲಿ ಕೆಟ್ಟ ಹೆಂಗಸಿನ ಚಿತ್ರ ಬರೆಯಿರಿ ಅಂದರೆ ಮಕ್ಕಳು ಕೇಳದೆಯೇ ಕಪ್ಪು ಬಣ್ಣ ಎತ್ತಿಕೊಳ್ಳುತ್ತಾರೆ. ಅವರ ಅಜ್ಜಿಯಂದಿರೇ ಹಾಗಿರುತ್ತಾರಲ್ಲ, ಅದು ನನಗೆ ಭಾಳ ನೋವು.

ಯಾದಗಿರಿ_ಅಪ್ಪ
ಎಲ್ಲಾ ಸಿನಿಮಾ ಮೇಲೆ ಹಾಕೋದನ್ನ ನಾನು ಒಪ್ಪಲ್ಲರೀ. ಕೂಸು ಹುಟ್ಟಿದ ದಿನವೇ "ಬಣ್ಣ ಯಾರ ಹಂಗ ಐತಿ?" ಅಂತ ಕೇಳೋರು ನಾವೇ ಅಲ್ವಾ? ಕಡಲೆಹಿಟ್ಟು ಹಚ್ಚಿ ತಿಕ್ಕೋರು ನಾವೇ. ಫೇರ್ ಅಂಡ್ ಲವ್ಲಿ 1975ರಿಂದ ಮಾರಾಟದಲ್ಲಿದೆ, 2020ರಲ್ಲಿ ಹೆಸರಿನಿಂದ ಫೇರ್ ತೆಗೆದು ಗ್ಲೋ ಸೇರಿಸಿದರು, ನಮ್ಮ ಕಡೆ ಅಂಗಡಿಗಳಲ್ಲಿ ಜನ ಇನ್ನೂ ಹಳೇ ಹೆಸರಿನಿಂದಲೇ ಕೇಳುತ್ತಾರೆ. ಮಗು ಸಿನಿಮಾದಲ್ಲಿ ನೋಡಿದ್ದಕ್ಕೆ ಮನೆಯಲ್ಲಿ ಹೌದು ಅನ್ನೋರು ಇದ್ದರೆ ಅದು ಮನಸ್ಸಿನಲ್ಲಿ ಗಟ್ಟಿಯಾಗಿ ಕೂರುತ್ತೆ. ಬಿಸಿಲಲ್ಲಿ ತೊಗರಿ ಕಟಾವು ಮಾಡೋ ಹೆಣ್ಣುಮಕ್ಕಳಿಂದ ನಮ್ಮ ಜಿಲ್ಲೆ ನಡೀತಿದೆ. ಅವರ ಮೈಬಣ್ಣಕ್ಕೆ ನಾವು ಮುಖ ಸಿಂಡರಿಸಿದರೆ ಮಗು ನೋಡ್ತಿರುತ್ತೆ.

ಅನಿಮೇಷನ್_ವಿದ್ಯಾರ್ಥಿನಿ
ಅಣ್ಣ ಹೇಳಿದ್ದು ಸರಿ, ಆದರೆ ಬಿಡಿಸೋರ ಜವಾಬ್ದಾರಿಯೂ ಇದೆ. ಅನಿಮೇಷನ್‌ನಲ್ಲಿ ಕ್ಯಾಮೆರಾ ಮುಂದೆ ಬಂದು ನಿಲ್ಲೋ ನಟಿ ಇಲ್ಲ, ಕಣ್ಣು ಎಷ್ಟು ದೊಡ್ಡದು, ಸೊಂಟ ಎಷ್ಟು ಸಣ್ಣದು ಅಂತ ಯಾರೋ ಕೂತು ತೀರ್ಮಾನ ಮಾಡಿರುತ್ತಾರೆ. 2012ರ ಬ್ರೇವ್‌ನ ಮೆರಿಡಾ ಬಿಲ್ಲು ಹಿಡಿದ, ಕೆದರಿದ ಗುಂಗುರು ಕೂದಲಿನ ಹುಡುಗಿ. ಮರುವರ್ಷ ಡಿಸ್ನಿ ತನ್ನ ರಾಜಕುಮಾರಿಯರ ಸಾಲಿಗೆ ಸೇರಿಸುವಾಗ ಅವಳ ಸೊಂಟ ಸಣ್ಣ ಮಾಡಿ ಹೊಸ ಚಿತ್ರ ಹಾಕಿತು. ಎರಡು ಲಕ್ಷಕ್ಕೂ ಹೆಚ್ಚು ಜನ ವಿರೋಧಿಸಿ ಸಹಿ ಹಾಕಿದರು, ಆ ಪಾತ್ರ ಹುಟ್ಟಿಸಿದ ನಿರ್ದೇಶಕಿ ಬ್ರೆಂಡಾ ಚಾಪ್‌ಮನ್ ಕೂಡ ಬಹಿರಂಗವಾಗಿ ಸಿಟ್ಟಾದರು. ಸುಮ್ನೆ ಕೂರದೆ ಕೇಳಿದರೆ ಕಂಪನಿಗಳಿಗೂ ಮುಟ್ಟುತ್ತೆ. ಅಕ್ಕಾ, 2016ರ ಮೊವಾನಾ ತೋರಿಸಿ, ಕಂದು ಬಣ್ಣದ ಹುಡುಗಿ, ಗಟ್ಟಿ ಕಾಲು, ಸಿನಿಮಾದಲ್ಲಿ ಬಹಳ ಹೊತ್ತು ಬಿಸಿಲಲ್ಲಿ ಸಮುದ್ರದ ಮೇಲೆ ಇರುತ್ತಾಳೆ. 2021ರ ಎನ್‌ಕ್ಯಾಂಟೋದಲ್ಲಿ ನಾಯಕಿಗೆ ಕನ್ನಡಕ, ಅವಳಕ್ಕ ಲೂಯಿಸಾ ಕತ್ತೆಗಳನ್ನೇ ಹೊತ್ತು ನಡೀತಾಳೆ.

ಕಲಬುರಗಿ_ಅಮ್ಮ
ಮೊವಾನಾ ಇವತ್ತೇ ಹಾಕ್ತೀನಿ ತಂಗಿ. ಬರೋ ವಾರ ಮದುವೆಗೆ ನೆಂಟರು ಬರುತ್ತಾರೆ, ಅವಳೆದುರು ಯಾರಾದರೂ ಬಣ್ಣದ ಮಾತು ಎತ್ತಿದರೆ ಏನನ್ನಲಿ ಟೀಚರ್?

ಬೀದರ್_ಟೀಚರ್
ಅಲ್ಲೇ, ಅವಳಿಗೆ ಕೇಳೋ ಹಾಗೇ "ನಮ್ಮನೆಯಲ್ಲಿ ಆ ಮಾತು ಬೇಡ್ರೀ" ಅನ್ನಿ. ಹಿರಿಯರಾದರೂ ಅನ್ನಿ.