ಮಿಯಾಟಾ ಶಾಕ್ ಅಬ್ಸಾರ್ಬರ್ ಮನೆಯಲ್ಲೇ ಬದಲಾಯಿಸಿದವರು ಇದ್ದೀರಾ? ಅನುಭವ ಹೇಳಿ

ಎರಡುಸೀಟು:
ನನ್ನದು 1994ರ ಮಾಜ್ಡಾ ಮಿಯಾಟಾ, 1.8 ಲೀಟರ್ ಇಂಜಿನ್. 1,60,000 ಕಿ.ಮೀ. ಓಡಿದೆ. ಶಾಕ್‌ಗಳು ಕಾರಿನ ಜೊತೆ ಬಂದವೇ. ಹಿಂದಿನ ಎಡಗಡೆಯದರ ಮೈಯೆಲ್ಲ ಎಣ್ಣೆ ಆಗಿದೆ. ಉಬ್ಬು ದಾಟಿದರೆ ಹಿಂಭಾಗ ಎರಡು ಮೂರು ಸಲ ತೂಗಾಡುತ್ತದೆ. ನಾಲ್ಕನ್ನೂ ನಾನೇ ಬದಲಾಯಿಸಬೇಕು ಅಂತಿದ್ದೇನೆ. ಬ್ರೇಕ್ ಪ್ಯಾಡ್, ಆಯಿಲ್ ಎಲ್ಲ ನಾನೇ ಮಾಡಿಕೊಳ್ಳುತ್ತೇನೆ. ಒಂದು ಟ್ರಾಲಿ ಜಾಕ್, ಎರಡು ಸ್ಟ್ಯಾಂಡ್ ಇವೆ. ಸ್ಪ್ರಿಂಗನ್ನು ಒತ್ತಿ ಹಿಡಿಯೋ ಸ್ಪ್ರಿಂಗ್ ಕಂಪ್ರೆಸರ್ ಇಲ್ಲ. ಶನಿವಾರ, ಭಾನುವಾರ ಎರಡು ದಿನದಲ್ಲಿ ಮುಗಿಯುತ್ತಾ? ಹಳೇ ಸ್ಪ್ರಿಂಗನ್ನೇ ಉಳಿಸಿಕೊಳ್ಳಬಹುದಾ?

ತುಕ್ಕುಬೋಲ್ಟು:
ಎರಡು ದಿನ ಸಾಕು ಅಂತ ನಾನೂ ಅಂದುಕೊಂಡಿದ್ದೆ. ನನ್ನದು 1992ರ ಮಿಯಾಟಾ. ಮುಂದಿನ ಎರಡು ಶಾಕ್ ಒಂದೇ ದಿನದಲ್ಲಿ ಆದವು. ಸ್ಟೆಬಿಲೈಸರ್ ಲಿಂಕ್ (ಕಾರು ವಾಲದಂತೆ ತಡೆಯೋ ಸರಳಿನ ಕೊಂಡಿ) ಎರಡೂ ಕಡೆ ಬಿಚ್ಚಿದೆ, ಗಾಲಿ ಹಿಡಿದಿರೋ ಮೇಲಿನ ಆರ್ಮ್‌ನ ಉದ್ದ ಬೋಲ್ಟು ಎಳೆದೆ, ಆರ್ಮ್ ಕೆಳಗೆ ಒತ್ತಿದೆ. ಶಾಕ್ ಸ್ಪ್ರಿಂಗ್ ಸಮೇತ ಕೈಗೆ ಬಂತು. ಅಲ್ಲಿವರೆಗೆ ಎಲ್ಲ ಸಲೀಸು.

ಹಿಂದಿನ ಬಲಗಡೆ ಕೆಳಗಿನ ಬೋಲ್ಟು ನನ್ನ ನಾಲ್ಕು ಶನಿವಾರ ತಿಂದು ಹಾಕಿತು. ಶಾಕ್‌ನ ಬುಶ್ (ಬೋಲ್ಟು ಕೂರೋ ರಬ್ಬರ್ ಬಳೆ) ಒಳಗಿನ ಕೊಳವೆಗೆ ಅದು ತುಕ್ಕು ಹಿಡಿದು ಅಂಟಿಕೊಂಡಿತ್ತು. ಪಾನಾ ಹಾಕಿ ತಿರುಗಿಸಿದರೆ ಸ್ವಲ್ಪ ತಿರುಗುತ್ತಿತ್ತು, ಬಿಟ್ಟರೆ ರಬ್ಬರ್ ಎಳೆದು ವಾಪಸ್ ಬರುತ್ತಿತ್ತು. ಮೂರು ರಾತ್ರಿ ತುಕ್ಕು ಬಿಡಿಸೋ ಎಣ್ಣೆ ಹೊಡೆದೆ. ಒಂದು ಮೀಟರ್ ಪೈಪ್ ಸಿಕ್ಕಿಸಿ ಎಳೆದೆ. ಬೋಲ್ಟಿನ ತಲೆ ಕಿತ್ತು ಬಂತು. ಗ್ರೈಂಡರ್ ಆ ಸಂದಿಗೆ ಹೋಗಲಿಲ್ಲ. ಕಡೆಗೆ ಶಾಕ್ ಮತ್ತು ಆರ್ಮ್ ನಡುವೆ ಆಕ್ಸಾ ಬ್ಲೇಡ್ ಕೈಯಲ್ಲೇ ಹಿಡಿದು ಕೊಯ್ದೆ. ಒಂದು ಪಕ್ಕ ಆಯಿತು ಅಂದರೆ ಇನ್ನೊಂದು ಪಕ್ಕ. ಒಂಬತ್ತು ಬ್ಲೇಡ್ ಹೋದವು. ಬರೀ ಕೊಯ್ಯೋದಕ್ಕೇ 11 ಗಂಟೆ ಹಿಡಿಯಿತು. ಉಳಿದ ತುಂಡನ್ನು ಕಾಯಿಸಿ, ಸುತ್ತಿಗೆಯಲ್ಲಿ ಹೊಡೆದು ತೆಗೆದೆ. ಬೋಲ್ಟು, ಲಿಂಕ್, ಪೈಪ್, ಬ್ಲೇಡ್, ಕಾಯಿಸೋ ಟಾರ್ಚ್ ಎಲ್ಲ ಲೆಕ್ಕ ಹಾಕಿದರೆ ನಾಲ್ಕು ಶಾಕ್‌ಗಳ ಬೆಲೆಯ ಅರ್ಧದಷ್ಟು ದುಡ್ಡು ಬೇರೆ ಹೋಯಿತು.

ಹೊಸ ಬೋಲ್ಟುಗಳನ್ನು ಮೊದಲೇ ತರಿಸಿಟ್ಟುಕೊಳ್ಳಿ. ನನ್ನ ಕಾರು ಎಂಟು ದಿನ ಗಾಲಿ ಇಲ್ಲದೆ ನಿಂತಿದ್ದು ಒಂದೇ ಒಂದು ಬೋಲ್ಟಿಗೆ ಕಾದುಕೊಂಡು. ಆದರೂ ಇವತ್ತಿಗೂ ಅದನ್ನು ಓಡಿಸುವಾಗ ಇದು ನನ್ನ ಕೈಕೆಲಸ ಅಂತ ಹೆಮ್ಮೆ ಆಗುತ್ತದೆ.

ಕೆಂಪುಕಾರ್ವೆಟ್:
ಇಷ್ಟೊಂದು ಹೆದರಿಸೋದು ಯಾಕೆ? ನನ್ನದು 2001ರ ಕಾರ್ವೆಟ್ ಸಿ5. ನಾಲ್ಕು ಶಾಕ್ ಸೇರಿ ನಾಲ್ಕು ಗಂಟೆ, ಅದೂ ಮಧ್ಯೆ ಊಟ ಮಾಡಿ. ಕೆಳಗಿನ ಆರ್ಮ್‌ಗೆ ಜಾಕ್ ಕೊಟ್ಟೆ, ಮೇಲಿನದು ಬಿಚ್ಚಿದೆ, ಕೆಳಗಿನದು ಬಿಚ್ಚಿದೆ, ಹೊಸದು ಕೂರಿಸಿದೆ. ಈ ಕಾರಿನಲ್ಲಿ ಸುರುಳಿ ಸ್ಪ್ರಿಂಗೇ ಇಲ್ಲ. ಮುಂದೊಂದು ಹಿಂದೊಂದು ಫೈಬರ್ ಪಟ್ಟಿ ಅಡ್ಡಕ್ಕೆ ಮಲಗಿರುತ್ತದೆ, ಶಾಕ್ ತನ್ನ ಪಾಡಿಗೆ ತಾನು ಬೇರೆ ನಿಂತಿರುತ್ತದೆ. ಕಂಪ್ರೆಸರ್ ಬೇಕಾಗಲಿಲ್ಲ, ಪೈಪ್ ಬೇಕಾಗಲಿಲ್ಲ. ನನ್ನ ಅನುಭವದಲ್ಲಿ ಇದು ಅರ್ಧ ದಿನದ ಕೆಲಸ. ಧೈರ್ಯವಾಗಿ ಮಾಡಿ.

ಕೈಮುರಿದವ:
ಕಾರ್ವೆಟ್ ಅವರೇ, ದಯವಿಟ್ಟು ಹೀಗೆ ಬರೆಯಬೇಡಿ. ಅವರು ಕೇಳಿದ್ದು ಮಿಯಾಟಾ ಬಗ್ಗೆ. ಅದರಲ್ಲಿ ನಾಲ್ಕೂ ಮೂಲೆಯಲ್ಲಿ ಶಾಕ್ ಸುತ್ತ ಸ್ಪ್ರಿಂಗ್ ಬಿಗಿದು ಕೂತಿದೆ. ನಿಮ್ಮ ಮಾತು ನಂಬಿ ಅವರು ಮೇಲಿನ ನಡುವಿನ ನಟ್ಟು ಸುಮ್ನೆ ಬಿಚ್ಚಿದರೆ ಏನಾಗುತ್ತದೆ ಗೊತ್ತಾ?

ನನ್ನ ಕಾರು ನಿಸ್ಸಾನ್ 350ಝಡ್. ಹಿಂದೆ ಸ್ಪ್ರಿಂಗ್ ಬೇರೆ, ಶಾಕ್ ಬೇರೆ, ಹಾಗಾಗಿ ಹಿಂದಿನವು ಬೇಗ ಆದವು. ಮುಂದೆ ಎರಡೂ ಒಟ್ಟಿಗೆ ಇವೆ. ಎಲ್ಲಕ್ಕಿಂತ ಅಗ್ಗದ ಕಂಪ್ರೆಸರ್ ತಂದೆ, ಕೊಕ್ಕೆ ಇರೋ ಎರಡು ಉದ್ದ ಸ್ಕ್ರೂ. ಬೇಗ ಆಗಲಿ ಅಂತ ನಟ್ಟು ತಿರುಗಿಸೋ ಗನ್ ಹಾಕಿ ತಿರುಗಿಸಿದೆ. ಒಂದು ಕಡೆ ಜಾಸ್ತಿ ಬಿಗಿಯಿತು, ಇನ್ನೊಂದು ಕಡೆ ಕಡಿಮೆ. ಸ್ಪ್ರಿಂಗ್ ಬಾಳೆಹಣ್ಣಿನ ಹಾಗೆ ಬಾಗಿತು. ಆಗಲೇ ನಿಲ್ಲಿಸಬೇಕಿತ್ತು. ಇನ್ನೆರಡು ಸುತ್ತು ಅಷ್ಟೇ ಅಂತ ಮುಂದುವರಿಸಿದೆ. ಕೊಕ್ಕೆ ಜಾರಿತು. ಸ್ಪ್ರಿಂಗ್ ಗೋಡೆಗೆ ಬಡಿದು ವಾಪಸ್ ಬಂದು ಎಡಗೈಗೆ ಹೊಡೆಯಿತು. ಮಣಿಕಟ್ಟಿನಲ್ಲಿ ಎರಡು ಮುರಿತ. ಏಳು ವಾರ ಪಟ್ಟಿ. ಅರ್ಧ ಅಡಿ ಆಚೆ ತಲೆ ಇತ್ತು. ಅದು ಈಗಲೂ ಕನಸಿನಲ್ಲಿ ಬರುತ್ತದೆ.

ಕೈಯಲ್ಲೇ ತಿರುಗಿಸಿ. ಎದುರು ಬದುರು ಎರಡೂ ಕಡೆ ನಾಲ್ಕು ನಾಲ್ಕು ಸುತ್ತು, ಸಮನಾಗಿ. ಸ್ಪ್ರಿಂಗ್ ತನ್ನ ತಟ್ಟೆಯಲ್ಲಿ ಸಡಿಲವಾಗಿ ಅಲ್ಲಾಡುವವರೆಗೆ ಮೇಲಿನ ನಟ್ಟು ಮುಟ್ಟಬೇಡಿ. ಮುಖ ಯಾವತ್ತೂ ಸ್ಪ್ರಿಂಗಿನ ನೇರಕ್ಕೆ ಇರಬಾರದು.

ಕೆಂಪುಕಾರ್ವೆಟ್:
ನಾನು ನನ್ನ ಅನುಭವ ಹೇಳಿದೆ, ಅಷ್ಟೇ. ಅನುಭವ ಹೇಳಿ ಅಂತ ತಾನೇ ಕೇಳಿದ್ದು? ಕಂಪ್ರೆಸರ್ ಬೇಡ ಅಂತ ಮಿಯಾಟಾಗೆ ನಾನು ಹೇಳಲಿಲ್ಲ.

ಕೈಮುರಿದವ:
"ಧೈರ್ಯವಾಗಿ ಮಾಡಿ" ಅಂದಿರಿ. ನನಗೂ ಒಬ್ಬರು ಹಾಗೇ ಅಂದಿದ್ದರು.

ನಡುಇಂಜಿನ್:
ನನ್ನದು ಟೊಯೊಟಾ ಎಂಆರ್2, ಎರಡನೇ ತಲೆಮಾರಿನದು. ನಾಲ್ಕೂ ಕಡೆ ಸ್ಟ್ರಟ್, ಅಂದರೆ ಶಾಕ್, ಸ್ಪ್ರಿಂಗ್ ಎರಡೂ ಒಂದೇ ಕಂಬದಲ್ಲಿ. ಸ್ಪ್ರಿಂಗ್ ಬಗ್ಗೆ ಎಲ್ಲರೂ ಹೇಳುತ್ತಾರೆ, ಶಾಕ್ ಒಳಗೆ ಹೊರಗೆ ಓಡಾಡೋ ರಾಡ್ ಬಗ್ಗೆ ಯಾರೂ ಹೇಳೋದಿಲ್ಲ. ಮೇಲಿನ ನಟ್ಟು ಬಿಗಿಯುವಾಗ ರಾಡ್ ಜೊತೆಗೇ ತಿರುಗುತ್ತಿತ್ತು. ತಲೆ ಕೆಟ್ಟು ಇಕ್ಕಳದಲ್ಲಿ ರಾಡನ್ನೇ ಕಚ್ಚಿ ಹಿಡಿದೆ. ಕ್ರೋಮ್ ಮೇಲೆ ಕೂದಲಷ್ಟು ಗೀರು ಬಿತ್ತು. ಆರು ವಾರಕ್ಕೆ ಹೊಸ ಸ್ಟ್ರಟ್ ಸೋರಲು ಶುರುವಾಯಿತು. ಆ ಗೀರು ಪ್ರತಿ ಸಲ ಒಳಗೆ ಹೊರಗೆ ಹೋಗುವಾಗ ಸೀಲ್ ಕೊಯ್ಯುತ್ತಿತ್ತು. ರಾಡ್ ತುದಿಯಲ್ಲಿ ಅಲನ್ ಕೀ ಹಾಕೋ ತೂತು ಇರುತ್ತದೆ, ಇಲ್ಲವೇ ಚಪ್ಪಟೆ ಜಾಗ ಇರುತ್ತದೆ. ಹಿಡಿಯೋದು ಅಲ್ಲೇ.

ಎರಡನೇ ಸಲ ಸರಿಯಾಗಿ ಕೂರಿಸಿದೆ. ಆಮೇಲೆ ಟಕ್ ಟಕ್ ಶಬ್ದ. ಮೂರು ಸಲ ಬಿಚ್ಚಿದೆ. ಲಿಂಕ್ ಬದಲಾಯಿಸಿದೆ, ಬಾಲ್ ಜಾಯಿಂಟ್ ಬದಲಾಯಿಸಿದೆ, ಎರಡೂ ಚೆನ್ನಾಗಿದ್ದವೇ. ಕಡೆಗೆ ನೋಡಿದರೆ ಒಂದು ವಾಷರ್ ಹಳೇ ಶಾಕ್ ಮೇಲೇ ಉಳಿದಿತ್ತು. ಅದಿಲ್ಲದೆ ನಟ್ಟು ಥ್ರೆಡ್ ಕೊನೆಗೆ ಹೋಗಿ ನಿಂತಿದೆ, ಮೇಲ್ತುದಿ ಕೂರೋ ಮೌಂಟ್ ಮಾತ್ರ ಸಡಿಲ. ಬಿಚ್ಚುವಾಗ ಪ್ರತಿ ವಾಷರನ್ನೂ ಬಂದ ಸಾಲಿನಲ್ಲೇ ಒಂದು ತಂತಿಗೆ ಪೋಣಿಸಿಡಿ. ಒಂದು ವಾಷರಿಗೆ ನಾನು ಕಳೆದುಕೊಂಡದ್ದು ಎರಡು ತಿಂಗಳು.

ಹಳದಿಶಾಕ್:
ನಾನು ಮಿಯಾಟಾಗೆ ಕೋನಿ ಕಂಪನಿಯ ಹಳದಿ ಶಾಕ್ ಹಾಕಿದ್ದೇನೆ. ಐದು ವರ್ಷ ಆಯಿತು. ರಿಬೌಂಡ್ (ಒತ್ತಿದ ಶಾಕ್ ವಾಪಸ್ ಹಿಗ್ಗುವಾಗಿನ ಬಿಗಿ) ನನಗೆ ಬೇಕಾದ ಹಾಗೆ ತಿರುಗಿಸಿಕೊಳ್ಳಬಹುದು. ದಿನಾ ಓಡಿಸುವಾಗ ಮೆತ್ತಗೆ, ಟ್ರ್ಯಾಕ್ ದಿನ ಅರ್ಧ ಸುತ್ತು ಬಿಗಿ. ಇದು ಬಿಟ್ಟು ಬೇರೆ ತಗೊಂಡರೆ ಆಮೇಲೆ ಪಶ್ಚಾತ್ತಾಪ ಪಡ್ತೀರಿ.

ಒಂದೇಕೊಳವೆ:
ಪಶ್ಚಾತ್ತಾಪ ಯಾರೂ ಪಡುವುದಿಲ್ಲ. ನನ್ನ ಮಿಯಾಟಾದಲ್ಲಿ ಬಿಲ್ಸ್ಟೈನ್ ಕಂಪನಿಯ ಶಾಕ್ ಇದೆ. ಒಂದೇ ಕೊಳವೆ, ಒಳಗೆ ಹೆಚ್ಚು ಒತ್ತಡದ ಗ್ಯಾಸ್, ಎಣ್ಣೆಗೂ ಗ್ಯಾಸಿಗೂ ನಡುವೆ ತೇಲುವ ಪಿಸ್ಟನ್. ಹೊರಗಿನ ಗೋಡೆಯೇ ಗಾಳಿಗೆ ತಾಗುವುದರಿಂದ ಬಿಸಿ ಬೇಗ ಇಳಿಯುತ್ತದೆ. 1957ರಲ್ಲೇ ಮರ್ಸಿಡಿಸ್‌ಗೆ ಕೊಟ್ಟ ತಂತ್ರ ಇದು. ನಿಮ್ಮ ಕೋನಿಯಂಥ ಎರಡು ಕೊಳವೆಯದರಲ್ಲಿ ಜೋರಾಗಿ ಓಡಿಸಿದರೆ ಎಣ್ಣೆ ನೊರೆ ಆಗುತ್ತದೆ. ತಿರುಗಿಸೋ ಸ್ಕ್ರೂ ನೋಡಿ ಮರುಳಾಗಬೇಡಿ.

ಹಳದಿಶಾಕ್:
ನಾನು ಮರುಳಾಗಿಲ್ಲ ಸರ್. ಮೊದಲು ನಿಮ್ಮ ಪಂಥದ್ದೇ ಇತ್ತು ನನ್ನ ಹತ್ತಿರ. ಒಂದೇ ಕೊಳವೆ ಅಂದಮೇಲೆ ರಸ್ತೆಯ ಕಲ್ಲು ಹೊಡೆದು ಹೊರಗೋಡೆ ತಗ್ಗಾದರೆ ಪಿಸ್ಟನ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ನನಗೆ ಆಗಿದ್ದು ಅದೇ. 14 ತಿಂಗಳಿಗೆ ಒಂದು ಶಾಕ್ ಕಸ. ಎರಡು ಕೊಳವೆಯದರಲ್ಲಿ ಹೊರಗೆ ತಗ್ಗಾದರೂ ಒಳಗಿನದು ಕೆಲಸ ಮಾಡುತ್ತದೆ.

ಒಂದೇಕೊಳವೆ:
ಒಂದು ಕಲ್ಲಿಗೆ ಇಡೀ ವಿನ್ಯಾಸ ಕೆಟ್ಟದು ಅನ್ನೋದು ನ್ಯಾಯವಾ? ನೀವು ಹಾಕುವ ಮೊದಲು ನೆಟ್ಟಗೆ ನಿಲ್ಲಿಸಿ ಏಳೆಂಟು ಸಲ ಒತ್ತಿ ಗಾಳಿ ಹೊರಹಾಕಬೇಕು ತಾನೇ? ಮಲಗಿಸಿ ಇಟ್ಟರೆ ಒಳಗೆ ಗಾಳಿ ಸೇರುತ್ತದೆ. ನನ್ನದಕ್ಕೆ ಆ ತಾಪತ್ರಯ ಇಲ್ಲ. ತಲೆಕೆಳಗು ಕೂರಿಸಲು ಆಗೋದೂ ಈ ವಿನ್ಯಾಸದಲ್ಲೇ.

ಬುಶ್‌ಕಾವಲು:
ಇಬ್ಬರೂ ಶಾಕ್ ಬಗ್ಗೆ ಜಗಳ ಆಡ್ತಾ ಇದ್ದೀರಿ. ಕಾರು ಹಾಳಾಗುವುದು ಬುಶ್‌ನಿಂದ. ನಾನು ಕಾರನ್ನು ಸ್ಟ್ಯಾಂಡ್ ಮೇಲೇ ಇಟ್ಟು, ಗಾಲಿ ನೇತಾಡುತ್ತಿರುವಾಗಲೇ ಎಲ್ಲ ಬೋಲ್ಟು ಬಿಗಿ ಅಳೆಯೋ ಟಾರ್ಕ್ ರೆಂಚಿನಲ್ಲಿ ಪೂರ್ತಿ ಬಿಗಿದೆ. ಅಚ್ಚುಕಟ್ಟಾಗಿ ಮಾಡಿದೆ ಅಂತ ಖುಷಿಯೋ ಖುಷಿ. ಕೆಳಗೆ ಇಳಿಸಿದಾಗ ಹಿಂಭಾಗ ಎತ್ತರಕ್ಕೆ ನಿಂತಿತು. ರಬ್ಬರ್ ಒಳಗಿನ ಕೊಳವೆಗೂ ಹೊರಗಿನ ಕೊಳವೆಗೂ ಅಂಟಿರುತ್ತದೆ. ಗಾಲಿ ನೇತಾಡುವಾಗ ಬಿಗಿದರೆ, ಕಾರು ನೆಲಕ್ಕೆ ಇಳಿದ ಮೇಲೆ ಆ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತದೆ. ಒಂಬತ್ತು ತಿಂಗಳಲ್ಲಿ ನಾಲ್ಕು ಬುಶ್ ಹರಿದವು. ಅವನ್ನು ಪ್ರೆಸ್ ಮಾಡಿಸಿ ಹಾಕಿಸಿದ ಖರ್ಚು ಶಾಕ್‌ಗಳಿಗಿಂತ ಜಾಸ್ತಿ ಆಯಿತು. ಕಾರಿನ ಭಾರ ಗಾಲಿಗಳ ಮೇಲೆ ಬಂದಮೇಲೇ ಕಡೇ ಬಿಗಿ. ದಯವಿಟ್ಟು.

ತುಕ್ಕುಬೋಲ್ಟು:
ಪಾಲಿಯುರೆಥೇನ್ ಬುಶ್ ಹಾಕಿದರೆ ಆ ತೊಂದರೆಯೇ ಇಲ್ಲ. ಅದು ಕೊಳವೆಯ ಮೇಲೆ ಸಲೀಸಾಗಿ ತಿರುಗುತ್ತದೆ.

ಬುಶ್‌ಕಾವಲು:
ತಿರುಗುತ್ತದೆ, ಗ್ರೀಸ್ ಒಣಗಿದ ಮೇಲೆ ಕಿರ್ ಕಿರ್ ಅನ್ನುತ್ತದೆ. ನನ್ನ ಸ್ನೇಹಿತರ ಕಾರು ಹಳೇ ಮಂಚದ ಹಾಗೆ ಸದ್ದು ಮಾಡುತ್ತದೆ. ರಬ್ಬರಿಗೆ ರಬ್ಬರೇ ಸರಿ.

ತುಕ್ಕುಬೋಲ್ಟು:
ವರ್ಷಕ್ಕೊಮ್ಮೆ ಗ್ರೀಸ್ ಹಾಕೋದು ಕಷ್ಟವಾ? ನನ್ನದು ಒಂದು ಸದ್ದೂ ಮಾಡಿಲ್ಲ.

ಎರಡುಸೀಟು:
ಎಲ್ಲರಿಗೂ ಧನ್ಯವಾದ. ನಿಜ ಹೇಳಬೇಕು ಅಂದರೆ ಈಗ ಭಯ ಆಗುತ್ತಿದೆ. ಗ್ಯಾರೇಜಿಗೇ ಕೊಟ್ಟುಬಿಡಲಾ?

ಸೋತುಕಲಿತವ:
ನಾನು ಕೊಟ್ಟಿದ್ದೆ. ಗ್ಯಾರೇಜಿನ ಹೆಸರು ಬೇಡ. ಹೊಸ ಶಾಕ್‌ಗೆ ಹಳೇ ಬಂಪ್ ಸ್ಟಾಪ್ (ಶಾಕ್ ಕೊನೆಗೆ ಹೋಗಿ ಬಡಿಯದಂತೆ ತಡೆಯೋ ಮೆತ್ತೆ), ಪುಡಿಪುಡಿ ಆಗಿದ್ದನ್ನೇ, ಹಾಕಿ ಕಳಿಸಿದ್ದರು. ಮಿಯಾಟಾದಲ್ಲಿ ಶಾಕ್ ಓಡಾಡುವ ಜಾಗ ಮೊದಲೇ ಕಡಿಮೆ. ಸ್ವಲ್ಪ ದೊಡ್ಡ ಗುಂಡಿ ಬಂದರೂ ಬಂಪ್ ಸ್ಟಾಪ್ ಮೇಲೇ ಕೂರುತ್ತದೆ. ಅದು ಇಲ್ಲದಿದ್ದರೆ ಕಬ್ಬಿಣಕ್ಕೆ ಕಬ್ಬಿಣ. ಕೇಳಿದರೆ "ನೀವು ಹೇಳಿರಲಿಲ್ಲ" ಅಂದರು. ಆಮೇಲೆ ನಾನೇ ಬಿಚ್ಚಿ ಹೊಸ ಬಂಪ್ ಸ್ಟಾಪ್ ಹಾಕಿದೆ. ಜೊತೆಗೆ ಎರಡನೇ ತಲೆಮಾರಿನ ಮಿಯಾಟಾದ ಮೇಲಿನ ಮೌಂಟ್ ಕೂರಿಸಿದೆ. ಅದರಿಂದ ಶಾಕ್‌ಗೆ ಓಡಾಡಲು ಇನ್ನಷ್ಟು ಜಾಗ ಸಿಗುತ್ತದೆ. ಕೂಲಿ ಎರಡು ಸಲ ಆಯಿತು, ಒಂದು ಅವರಿಗೆ, ಒಂದು ನನ್ನ ಬೆನ್ನಿಗೆ.

ಪಾನಾಹಿಡಿದವ:
ನಾನು ಗ್ಯಾರೇಜಿನಲ್ಲೇ ಕೆಲಸ ಮಾಡೋನು. ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಮನೆಯಲ್ಲಿ ಅರ್ಧ ಬಿಚ್ಚಿ, ಬೋಲ್ಟಿನ ಮೂಲೆ ಸವೆಸಿ, ಟೋ ಮಾಡಿಕೊಂಡು ಬರೋ ಕಾರುಗಳನ್ನು ಸರಿ ಮಾಡುವವರು ನಾವೇ. ಕೆಳಗಿನ ಆರ್ಮ್‌ಗಳ ಒಳತುದಿಯಲ್ಲಿ ಗಾಲಿಯ ಕೋನ ಹೊಂದಿಸೋ ಅಲೈನ್‌ಮೆಂಟ್ ಬೋಲ್ಟು ಇರುತ್ತದೆ. ಶಾಕ್ ತೆಗೆಯಲು ಅದನ್ನು ಮುಟ್ಟಬೇಕಾಗಿಲ್ಲ. ಆದರೂ ಮುಟ್ಟುತ್ತಾರೆ, ಆಮೇಲೆ ಕಾರು ಒಂದು ಕಡೆ ಎಳೆಯುತ್ತದೆ ಅಂತ ಬರುತ್ತಾರೆ.

ಸೋತುಕಲಿತವ:
ಬಂಪ್ ಸ್ಟಾಪ್ ವಿಷಯ ನೀವು ಹೇಳಲಿಲ್ಲವಲ್ಲ. ಪುಡಿ ಆಗಿದ್ದನ್ನು ಹಾಕಿ ಕಳಿಸೋದು ಸರಿಯಾ?

ಪಾನಾಹಿಡಿದವ:
ಸರಿಯಲ್ಲ. ನಾನಾಗಿದ್ದರೆ ಫೋನ್ ಮಾಡಿ ಕೇಳುತ್ತಿದ್ದೆ. ಹೊಸದು ಬೇಡ, ದುಡ್ಡಿಲ್ಲ ಅಂತ ಹತ್ತರಲ್ಲಿ ಆರು ಜನ ಹೇಳುತ್ತಾರೆ. ಅದನ್ನೂ ಬರೆಯಿರಿ.

ತುಕ್ಕುಬೋಲ್ಟು:
ಎರಡುಸೀಟು, ಇವರ ಜಗಳ ಬಿಡಿ. ಎರಡು ಸ್ಟ್ಯಾಂಡ್ ಇದ್ದರೆ ಈ ಶನಿವಾರ ಹಿಂದಿನದು, ಮುಂದಿನ ಶನಿವಾರ ಮುಂದಿನದು ಮಾಡಿ. ನೆಲದ ಮೇಲಿರೋ ಗಾಲಿಗೆ ಅಡ್ಡ ಕಲ್ಲು ಕೊಡಿ. ಜಾಕ್ ಮೇಲೆ ನಂಬಿಕೆ ಇಟ್ಟು ಕೆಳಗೆ ತೂರಬೇಡಿ. ಹಿಂದಿನ ಶಾಕ್‌ನ ಮೇಲಿನ ನಟ್ಟುಗಳು ಡಿಕ್ಕಿ ಒಳಗಿನಿಂದ ಸಿಗುತ್ತವೆ, ಬ್ಯಾಟರಿಯೂ ಅಲ್ಲೇ ಇದೆ, ಮೊದಲು ಅದರ ತಂತಿ ತೆಗೆಯಿರಿ. ಸ್ಪ್ರಿಂಗ್ ಮುರಿದಿಲ್ಲ, ಕುಸಿದಿಲ್ಲ ಅಂದರೆ ಹಳೆಯದೇ ಸಾಕು. ಕಂಪ್ರೆಸರ್ ಮಾತ್ರ ಒಳ್ಳೆಯದು ಎರವಲು ತನ್ನಿ. ಇವತ್ತು ರಾತ್ರಿಯೇ ಕೆಳಗಿನ ನಾಲ್ಕು ಬೋಲ್ಟಿಗೂ ಎಣ್ಣೆ ಹೊಡೆಯಿರಿ.

ಹಳದಿಶಾಕ್:
ಒಂದೇಕೊಳವೆ ಅವರೇ, ಗಾಳಿ ಹೊರಹಾಕಲು ಎರಡು ನಿಮಿಷ ಸಾಕು. ಅದನ್ನು ತಾಪತ್ರಯ ಅಂತೀರಾ?

ಎರಡುಸೀಟು:
ಎಣ್ಣೆ ಹೊಡೆದು ಬಂದೆ. 17ರ ಪಾನಾ ಹಾಕಿ ನೋಡಿದೆ. ಹಿಂದಿನ ಎಡಗಡೆಯದು ಸಲೀಸಾಗಿ ಬಿಟ್ಟಿತು. ಬಲಗಡೆಯದು ಸ್ವಲ್ಪ ತಿರುಗಿ, ಕೈ ಬಿಟ್ಟ ಕೂಡಲೇ ವಾಪಸ್ ಬಂತು.

ತುಕ್ಕುಬೋಲ್ಟು:
ಪೈಪ್ ಹಾಕಿ ಎಳೆಯಬೇಡಿ. ನಿಲ್ಲಿಸಿ. ಹೊಸ ಬೋಲ್ಟು ಇವತ್ತೇ ಆರ್ಡರ್ ಮಾಡಿ, ಬ್ಲೇಡ್ ಹತ್ತು ತನ್ನಿ. ನಾನು ಶನಿವಾರ ಬೆಳಿಗ್ಗೆಯಿಂದ ಇಲ್ಲೇ ಇರುತ್ತೇನೆ, ಸಿಕ್ಕಿಕೊಂಡರೆ ಫೋಟೋ ಹಾಕಿ.