ಆಲೆಮನೆ ಒಲೆಯ ಬ್ಲೋವರ್ ಗಾಳಿ ಹಿಡಿತಕ್ಕೆ ಬರುತ್ತಿಲ್ಲ

ಕಬ್ಬಿನಗದ್ದೆ (ಸಿದ್ದಾಪುರ):
ತಲೆ ಕೆಟ್ಟುಹೋಗಿದೆ. ಕೊಪ್ಪರಿಗೆ ಒಲೆಗೆ ಬ್ಲೋವರ್ ಕೂರಿಸಿ ಫ್ಯಾನ್ ರೆಗ್ಯುಲೇಟರ್ ಹಾಕಿದ್ದೇನೆ. ಫುಲ್ ಇಟ್ಟರೆ ಚಿಮಣಿಯಿಂದ ಕಿಡಿ ಹಾರುತ್ತದೆ, ಮೇಲೆ ಇರುವುದು ಅಡಿಕೆ ಸೋಗೆಯ ಮಾಡು. ಕಮ್ಮಿ ಮಾಡಿದರೆ ಮೋಟಾರ್ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ನಿನ್ನೆ ಜೋನಿ ಬೆಲ್ಲ (ನೀರು ಬೆಲ್ಲ) ಇಳಿಸುವ ಹೊತ್ತಿಗೆ ಉರಿ ತಗ್ಗಲೇ ಇಲ್ಲ. ತಳ ಹಿಡಿದು ಇಡೀ ಪಾಕ ಕಪ್ಪಾಯಿತು. ಯಾವ ರೆಗ್ಯುಲೇಟರ್ ತರಲಿ?

ಮೋಟಾರ್‌ಮಾವ:
ಫ್ಯಾನಿಂದು ಸಾಲುವುದಿಲ್ಲ. ವೋಲ್ಟೇಜ್ ಇಳಿಸುವ 2000 ವ್ಯಾಟ್ ಡಿಮ್ಮರ್ ತನ್ನಿ. ನನ್ನ ಡ್ರಿಲ್‌ಗೆ ಅದನ್ನೇ ಹಾಕಿದ್ದೇನೆ, ಬೆಣ್ಣೆ ಹಾಗೆ ಓಡುತ್ತದೆ.

ಒಲೆಕೆಂಡ:
ಡ್ರಿಲ್‌ನಲ್ಲಿ ಇರುವುದು ಕಾರ್ಬನ್ ಬ್ರಶ್ ಮೋಟಾರ್. ಬ್ಲೋವರ್ ಮೈಮೇಲೆ ಕೆಪಾಸಿಟರ್ ಇದೆಯಾ ನೋಡಿ. ಇದ್ದರೆ ಇಂಡಕ್ಷನ್ ಮೋಟಾರ್. ಅದರ ವೇಗ ಕರೆಂಟಿನ 50 ಹರ್ಟ್ಜ್ ಜೊತೆ ಹೋಗುತ್ತದೆ. ವೋಲ್ಟೇಜ್ ಇಳಿಸಿದರೆ ಬಲ ಹೋಗುತ್ತದೆ, ಕೊನೆಗೆ ನಿಂತು ಕಾಯಿಲ್ ಸುಡುತ್ತದೆ. ಮೋಟಾರ್ ಪೂರ್ತಿ ಓಡಲಿ, ಗಾಳಿಯನ್ನು ಕಟ್ಟಿ. ಬ್ಲೋವರ್ ಗಾಳಿ ಎಳೆಯುವ ಬಾಯಿಗೆ ಒಂದು ತಗಡು, ಒಂದೇ ಬೋಲ್ಟ್. ಸರಿಸಿದಷ್ಟು ಗಾಳಿ.

ಮೋಟಾರ್‌ಮಾವ:
ಬಾಯಿ ಮುಚ್ಚಿದರೆ ಲೋಡ್ ಜಾಸ್ತಿಯಾಗಿ ಮೋಟಾರ್ ಢಮಾರ್. ಪಂಪ್‌ಸೆಟ್ ರಿಪೇರಿ ಮಾಡಿಯೇ ತಲೆ ಬೆಳ್ಳಗಾಗಿದೆ, ನನಗೆ ಹೇಳಬೇಡಿ.

ಒಲೆಕೆಂಡ:
ಹಾಗಾದರೆ ನಿಮಗೇ ಗೊತ್ತಿರಬೇಕಲ್ವಾ ಮಾವ? ಮಾನೋಬ್ಲಾಕ್ ಪಂಪಿನ ಗೇಟ್ ವಾಲ್ವ್ ಮುಚ್ಚಿದರೆ ಆಂಪಿಯರ್ ಇಳಿಯುತ್ತದೆ. ಬ್ಲೋವರೂ ಅದೇ ಸೆಂಟ್ರಿಫ್ಯೂಗಲ್ ಜಾತಿ, ಒಳಗಿನ ಚಕ್ರ ತಿರುಗಿ ಹೊರಗೆ ಎಸೆಯುವಂಥದ್ದು. ಕ್ಲಾಂಪ್ ಮೀಟರ್ ಹಾಕಿ ಆಂಪಿಯರ್ ನೋಡಿ.

ಮೋಟಾರ್‌ಮಾವ:
ನೀರು ಬೇರೆ, ಗಾಳಿ ಬೇರೆ.

ಮಂಡ್ಯದಹೈದ:
ಇಷ್ಟೆಲ್ಲ ಯಾಕೆ ಸ್ವಾಮಿ? ನಮ್ಮ ಆಲೆಮನೆಯಲ್ಲಿ ಬ್ಲೋವರೇ ಇಲ್ಲ. ಒಣಗಿದ ರಚ್ಚು (ರಸ ಹಿಂಡಿದ ಕಬ್ಬಿನ ಸಿಪ್ಪೆ), ಎತ್ತರದ ಚಿಮಣಿ, ಅಷ್ಟೇ. ಉರಿ ಹಾಕುವವನೇ ರೆಗ್ಯುಲೇಟರ್.

ಕಬ್ಬಿನಗದ್ದೆ:
ನಮ್ಮದು ಸೌದೆ ಒಲೆ. ಕೆಪಾಸಿಟರ್ ಇದೆ. ರೆಗ್ಯುಲೇಟರ್ ಕಿತ್ತು ತಗಡು ಕಟ್ಟಿದೆ. ಮುಕ್ಕಾಲು ಮುಚ್ಚಿದರೂ ಉರಿ ಬುಸುಗುಡುತ್ತಲೇ ಇದೆ!

ಮೋಟಾರ್‌ಮಾವ:
ಹೇಳಿದೆನಲ್ಲ. ಡಿಮ್ಮರ್.

ಮೇಪಲ್‌ಕಾಡು (ಒಂಟಾರಿಯೊ):
ಬೂದಿ ಗುಂಡಿಯ ಬಾಗಿಲು ಮುಚ್ಚಿದೆಯಾ? ಇಲ್ಲಿ ನಾವು ಮೇಪಲ್ ಮರದ ರಸ ಕುದಿಸುತ್ತೇವೆ. ಅದರಲ್ಲಿ ಸಕ್ಕರೆ ಸುಮಾರು ಶೇ. 2 ಮಾತ್ರ. ಒಂದು ಲೀಟರ್ ಸಿರಪ್‌ಗೆ 40 ಲೀಟರ್ ರಸ ಬತ್ತಿಸಬೇಕು, ಅದಕ್ಕೇ ಎಲ್ಲರಿಗೂ ಉರಿಯದ್ದೇ ಹುಚ್ಚು. ಸೌದೆ ಇಡುವ ಸರಳಿನ ಕೆಳಗಿಂದ ಗಾಳಿ ಜಾಸ್ತಿ ಕೊಟ್ಟರೆ ಕಿಡಿ, ಬೂದಿ ಎಲ್ಲ ಚಿಮಣಿಗೆ ಹಾರುತ್ತದೆ. ಸೌದೆಯ ಮೇಲೆ ಬಿಡುವ ಗಾಳಿ ಹೊಗೆಯನ್ನು ಸುಡುತ್ತದೆ. ಎರಡಕ್ಕೂ ಬೇರೆ ಬೇರೆ ತಡೆ ಇಟ್ಟುಕೊಳ್ಳಿ.

ಕಬ್ಬಿನಗದ್ದೆ:
ಬೂದಿ ಗುಂಡಿಗೆ ಬಾಗಿಲೇ ಇಲ್ಲ. ಯಾವ ಆಲೆಮನೆಯಲ್ಲಿ ಇರುತ್ತದೆ? ಪೈಪ್ ಅಲ್ಲಿಂದಲೇ ಒಳಗೆ ಹೋಗಿದೆ, ಸುತ್ತ ಖಾಲಿ.

ಒಲೆಕೆಂಡ:
ಅಯ್ಯೋ, ಇದನ್ನು ಮೊದಲೇ ಹೇಳಬಾರದಾ! ಚಿಮಣಿ ಕಾದ ಮೇಲೆ ಅದೇ ಗಾಳಿ ಎಳೆಯುತ್ತದೆ. ನೀವು ತಗಡು ಮುಚ್ಚಿದರೆ ಪೈಪಿನ ಸುತ್ತಲಿಂದ ಎಳೆದುಕೊಳ್ಳುತ್ತದೆ. ಇಟ್ಟಿಗೆ ಇಟ್ಟು ಮಣ್ಣು ಮೆತ್ತಿ. ಆದರೂ ಕೆಂಡದ ಕಾವು ತಕ್ಷಣ ಇಳಿಯುವುದಿಲ್ಲ. ಜೋನಿಗೆ 105-106 ಡಿಗ್ರಿ ಸಾಕು, ಅದರ ಹತ್ತಿರ ಬರುತ್ತಿದ್ದ ಹಾಗೆ ಸೌದೆ ನಿಲ್ಲಿಸಿ. ಹಸಿ ಸೌದೆ ತುಂಬಿಟ್ಟು ಗಾಳಿ ಪೂರ್ತಿ ಕಟ್ಟಬೇಡಿ. ಒಳಗೆ ಹೊಗೆ ತುಂಬಿ, ಬಾಯಿ ತೆರೆದಾಗ ಉರಿ ಮುಖಕ್ಕೇ ಬರುತ್ತದೆ.

ಮೋಟಾರ್‌ಮಾವ:
ನನ್ನ ಗಾಣಕ್ಕೆ ತ್ರೀ ಫೇಸ್ ಮೋಟಾರ್, ಹರ್ಟ್ಜ್ ಬದಲಿಸಿ ವೇಗ ಹಿಡಿಯುವ ವಿಎಫ್‌ಡಿ. ಗುಂಡಿ ತಿರುಗಿಸಿದರೆ ಆಯಿತು. ಸ್ಟೇನ್‌ಲೆಸ್ ಸ್ಟೀಲ್ ಪ್ಯಾನೆಲ್ ಬೇರೆ. ಸಂಜೆ ಫೋಟೋ ಹಾಕುತ್ತೇನೆ.

ಮಂಡ್ಯದಹೈದ:
ಪ್ಯಾನೆಲ್ ಫೋಟೋ ಬೇಡ, ಬೆಲ್ಲದ್ದು ಹಾಕಿ. ಬಣ್ಣ ತಿಳಿಯಾಗಿಸುವ ಹೈಡ್ರೋಸ್ ರಾಸಾಯನಿಕ ಹಾಕಿದ ಹಳದಿ ಬೆಲ್ಲವೋ, ಬೆಂಡೆ ಲೋಳೆಯಲ್ಲಿ ಕೊಳೆ ತೆಗೆದಿದ್ದೋ ನೋಡೋಣ.

ಮೋಟಾರ್‌ಮಾವ:
ಗಾಳಿ ವಿಷಯಕ್ಕೂ ಬೆಂಡೆಗೂ ಏನು ಸಂಬಂಧ?

ಕಬ್ಬಿನಗದ್ದೆ:
ಬೂದಿ ಗುಂಡಿಗೆ ಮಣ್ಣು ಮೆತ್ತಿದೆ. ತಗಡಿನ ಮಾತು ಉರಿ ಈಗ ಕೇಳುತ್ತಿದೆ, ಕಿಡಿಯೂ ಕಮ್ಮಿ. ಆದರೆ ಚಿಮಣಿ ಕಡೆಯ ಮೂಲೆ ಕುದಿಯುತ್ತಿಲ್ಲ, ಮುಂದೆ ಮಾತ್ರ ನೊರೆ ಉಕ್ಕುತ್ತಿದೆ. ಸರಳು ಮುಂದಕ್ಕೆ ಆಯಿತಾ? ಯಾರಾದರೂ ಹೇಳಿ.

ಮಂಡ್ಯದಹೈದ:
ಬೆಂಡೆ ಗಿಡದ ಕಾಂಡ ಜಜ್ಜಿ ಹಾಕಿ, ನೊರೆ ಜೊತೆ ಕೊಳೆಯೆಲ್ಲ ಮೇಲೆ ಬರುತ್ತದೆ. ಅಂದಹಾಗೆ ಜೋನಿ ಕೆ.ಜಿ.ಗೆ ಎಷ್ಟು ಹೇಳುತ್ತಿದ್ದೀರಿ?